ವಿದೇಶದಲ್ಲಿರುವಾಗ ಚಿತಾಭಸ್ಮಕ್ಕೆ ಎಂಥ ಪಾತ್ರೆ ಆರಿಸಬೇಕು?

ಪ್ರಶ್ನೆ: ಉದ್ಯೋಗದ ನಿಮಿತ್ತ ಕೆಲವು ವರ್ಷಗಳಿಂದ ವಿದೇಶದಲ್ಲಿದ್ದೇನೆ. ನಮ್ಮ ಜೊತೆಯಲ್ಲೇ ಇದ್ದ ತಂದೆಯವರು ಇತ್ತೀಚೆಗೆ ತೀರಿಕೊಂಡರು. ದಹನವೂ ಇಲ್ಲಿಯೇ ನಡೆಯಿತು. ಚಿತಾಗಾರದವರು ಭಸ್ಮವನ್ನು ಸಾದಾ ಪ್ಲಾಸ್ಟಿಕ್ ಪೆಟ್ಟಿಗೆಯೊಂದರಲ್ಲಿ ಕೊಟ್ಟು, ಜೊತೆಗೆ ಹಿತ್ತಾಳೆ, ಅಮೃತಶಿಲೆ, ಮರ, ಗಾಜು, ನೀರಿನಲ್ಲಿ ಕರಗುವ ಕಾಗದ ಎಂದು ಭಸ್ಮ ತುಂಬಿಡುವ ಹತ್ತಾರು ಬಗೆಯ ಕರಂಡಕಗಳ ಕ್ಯಾಟಲಾಗನ್ನೂ ಕೈಗಿತ್ತಿದ್ದಾರೆ. ವೀಸಾ ನವೀಕರಣದ ಕಾರಣದಿಂದ ತಾಯ್ನಾಡಿಗೆ ಯಾವಾಗ ಹೋಗಲಾಗುವುದೋ ತಿಳಿಯದು. ಒಂದು ವರ್ಷವಾದರೂ ಆಗಬಹುದು. ಇನ್ನೊಂದು ದೇಶದಲ್ಲಿರುವ ತಂಗಿ ಒಂದು ಭಾಗ ತನಗೂ ಬೇಕೆನ್ನುತ್ತಿದ್ದಾಳೆ. ಯಾವ ವಸ್ತುವಿನ, ಎಷ್ಟು ದೊಡ್ಡ ಪಾತ್ರೆಯನ್ನು ಕೊಳ್ಳಬೇಕು? ಅದನ್ನು ವಿಮಾನದಲ್ಲಿ ಒಯ್ಯಲು ಬಿಡುತ್ತಾರೆಯೇ?

ಉತ್ತರ: ನಿಮ್ಮ ಪರಿಸ್ಥಿತಿಯಲ್ಲಿ ಈಗಲೇ ಏನನ್ನೂ ಕೊಳ್ಳಬೇಕಾದ ಅಗತ್ಯವಿಲ್ಲ. ಚಿತಾಗಾರದ ಕುಲುಮೆಯಲ್ಲಿ ದೇಹವು ಸುಮಾರು 760ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದೂವರೆಯಿಂದ ಮೂರು ಗಂಟೆಗಳ ಕಾಲ ದಹಿಸಲ್ಪಡುತ್ತದೆ. ಕೊನೆಗೆ ಉಳಿಯುವುದು ಮೂಳೆಯ ಖನಿಜಾಂಶ, ಅದರಲ್ಲೂ ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟ್. ಲೋಹದ ತುಣುಕುಗಳನ್ನು ಬೇರ್ಪಡಿಸಿ, ಉಳಿದ ಮೂಳೆಚೂರುಗಳನ್ನು ಯಂತ್ರದಲ್ಲಿ ಪುಡಿ ಮಾಡಿ ನಿಮಗೆ ಕೊಟ್ಟಿರುತ್ತಾರೆ. ಇದು ಕೊಳೆಯುವ ವಸ್ತುವಲ್ಲ, ಇದರಿಂದ ವಾಸನೆ ಹುಟ್ಟುವುದಿಲ್ಲ, ರೋಗ ಹರಡುವುದೂ ಇಲ್ಲ. ಒಣಗಿದ ಜಾಗದಲ್ಲಿಟ್ಟರೆ ಒಂದು ವರ್ಷವಲ್ಲ, ಹತ್ತು ವರ್ಷವಾದರೂ ಅದೇ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹಾಗೆಯೇ ಇರುತ್ತದೆ. ಪೆಟ್ಟಿಗೆ ಸಾದಾ ಆಗಿರುವುದರಿಂದ ತಂದೆಯವರಿಗೆ ಅಗೌರವವಾಯಿತೆಂಬ ಭಾವನೆ ಸಹಜ. ಕ್ಯಾಟಲಾಗಿನ ವ್ಯಾಪಾರ ನಡೆಯುವುದೂ ಹೆಚ್ಚಾಗಿ ಆ ಭಾವನೆಯ ಮೇಲೆಯೇ. ಪೆಟ್ಟಿಗೆಯ ಮೇಲೊಂದು ಶುಭ್ರವಾದ ಬಟ್ಟೆಯ ಚೀಲ ಹೊಲಿಸಿ ಹಾಕಿದರೆ ಆ ಮುಜುಗರ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಕ್ಯಾಟಲಾಗಿನಲ್ಲಿರುವ ಕರಂಡಕಗಳನ್ನು ರೂಪಿಸಿರುವುದು ಸಾವು, ದಹನ, ನೆಲೆ ಮೂರೂ ಒಂದೇ ಊರಿನಲ್ಲಿ ಆಗುವ ಕುಟುಂಬಗಳಿಗಾಗಿ. ಅಂಥವರು ಪಾತ್ರೆಯನ್ನು ಕಾರಿನಲ್ಲಿಟ್ಟುಕೊಂಡು ಮನೆಗೋ ಸ್ಮಶಾನಕ್ಕೋ ಒಯ್ದರೆ ಮುಗಿಯಿತು. ಗಡಿ ದಾಟಬೇಕಾದವರಿಗೆ ಪಾತ್ರೆಯ ಕೆಲಸ ಬೇರೆಯೇ ಆಗಿರುತ್ತದೆ. ಅದು ವಿಮಾನ ನಿಲ್ದಾಣದ ಎಕ್ಸ್-ರೇ ಯಂತ್ರದಲ್ಲಿ ಪಾಸಾಗಬೇಕು, ಕೈಲಗೇಜಿನ ತೂಕದ ಮಿತಿಗೆ ಒಗ್ಗಬೇಕು, ತಲುಪುವ ದೇಶದ ಕಸ್ಟಮ್ಸಿನಲ್ಲಿ ತಕರಾರು ಹುಟ್ಟಿಸಬಾರದು, ನಡುವಿನ ಅನಿಶ್ಚಿತ ಅವಧಿಯಲ್ಲಿ ಕಪಾಟಿನಲ್ಲಿ ಸುರಕ್ಷಿತವಾಗಿ ಕೂರಬೇಕು. ಕೊನೆಯ ನೆಲೆಗೆ ತಕ್ಕ ಪಾತ್ರೆ ಈ ಎಲ್ಲ ಕೆಲಸಗಳನ್ನೂ ಮಾಡುವುದು ಅಪರೂಪ. ಆದ್ದರಿಂದ ಪ್ರಯಾಣಕ್ಕೆ ಮತ್ತು ಕಾಯುವಿಕೆಗೆ ಒಂದು ಪಾತ್ರೆ, ಕೊನೆಯ ನೆಲೆಗೆ ಇನ್ನೊಂದು ಎಂದು ಎರಡನ್ನೂ ಬೇರೆ ಬೇರೆಯಾಗಿ ಯೋಚಿಸಿ ಎಂಬುದು ನನ್ನ ಸಲಹೆ. ಮೊದಲನೆಯದು ಈಗಾಗಲೇ ನಿಮ್ಮ ಕೈಯಲ್ಲಿದೆ. ಭಸ್ಮವನ್ನು ನೀರಿಗೆ ಬಿಡುತ್ತೀರೋ, ಮಣ್ಣಿನಲ್ಲಿ ಹೂಳುತ್ತೀರೋ, ಸ್ಮಶಾನದಲ್ಲಿ ಭಸ್ಮ ಇಡಲೆಂದೇ ಕಟ್ಟಿದ ಗೂಡಿನಲ್ಲಿಡುತ್ತೀರೋ ಎಂಬುದು ಮನೆಯವರಲ್ಲಿ ತೀರ್ಮಾನವಾದ ಮೇಲೆ, ಸಾಧ್ಯವಾದರೆ ಆ ಸ್ಥಳಕ್ಕೆ ತಲುಪಿದ ಮೇಲೆಯೇ, ಎರಡನೆಯದನ್ನು ಕೊಳ್ಳಬಹುದು.

ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೊಂದು ದಪ್ಪನೆಯ ಪಾಲಿಥೀನ್ ಚೀಲ ಕಾಣುತ್ತದೆ. ಅದರ ಬಾಯಿಯನ್ನು ಬಿಗಿದು ಕಟ್ಟಿರುತ್ತಾರೆ. ಅನೇಕ ದೇಶಗಳಲ್ಲಿ ಆ ಕಟ್ಟಿಗೆ, ಇಲ್ಲವೇ ಚೀಲದೊಳಗೆ, ಸಂಖ್ಯೆ ಕೊರೆದ ಲೋಹದ ಬಿಲ್ಲೆಯೊಂದು ಇರುತ್ತದೆ. ದಹನದ ವೇಳೆ ದೇಹದ ಜೊತೆಯಲ್ಲೇ ಕುಲುಮೆ ಹೊಕ್ಕು ಹೊರಬಂದಿರುವ ಈ ಬಿಲ್ಲೆಯ ಸಂಖ್ಯೆಯು ಚಿತಾಗಾರದ ದಾಖಲೆಯಲ್ಲೂ ದಹನದ ಪ್ರಮಾಣಪತ್ರದಲ್ಲೂ ನಮೂದಾಗಿರುವುದುಂಟು. ಜರ್ಮನಿಯಲ್ಲಿ ಇದೇ ಕೆಲಸಕ್ಕೆ ಬೆಂಕಿಗೆ ಜಗ್ಗದ ಸಣ್ಣ ಕಲ್ಲುಬಿಲ್ಲೆಯನ್ನು ಬಳಸುತ್ತಾರೆ. ಪಾತ್ರೆ ಎಷ್ಟು ಬಾರಿ ಬದಲಾದರೂ ಈ ಬಿಲ್ಲೆ ಭಸ್ಮದಿಂದ ಬೇರೆಯಾಗಕೂಡದು, ಏಕೆಂದರೆ ಇದು ಇಂಥವರ ಭಸ್ಮವೇ ಹೌದು ಎಂದು ತೋರಿಸಲು ಭಸ್ಮದ ಜೊತೆಗೇ ಇರುವ ಗುರುತು ಅದೊಂದೇ. ಹಾಗೆಯೇ, ಮುಂದೆ ಯಾವ ಕರಂಡಕವನ್ನು ಕೊಂಡರೂ ಭಸ್ಮವನ್ನು ನೇರವಾಗಿ ಸುರಿಯದೆ ಚೀಲದ ಸಮೇತ ಇಳಿಸುವುದು ಉತ್ತಮ. ಇದರಿಂದ ಪುಡಿ ಚೆಲ್ಲುವ, ತೇವ ತಗಲುವ ಮತ್ತು ಪಾತ್ರೆ ಬಿರುಕು ಬಿಟ್ಟರೆ ಸೋರುವ ಮೂರು ಸಮಸ್ಯೆಗಳೂ ತಪ್ಪುತ್ತವೆ.

ಗಾತ್ರದ ವಿಷಯಕ್ಕೆ ಬರೋಣ. ಅಮೆರಿಕದ ಅಂತ್ಯಕ್ರಿಯೆ ಸೇವಾ ಸಂಸ್ಥೆಗಳಲ್ಲಿ, ದಹನಕ್ಕೆ ಮುಂಚಿನ ದೇಹತೂಕದ ಪ್ರತಿ ಪೌಂಡಿಗೆ ಒಂದು ಘನ ಅಂಗುಲ ಸ್ಥಳ ಬೇಕು ಎಂಬ ರೂಢಿಯ ಲೆಕ್ಕವಿದೆ. ನಮಗೆ ಪರಿಚಿತವಾದ ಅಳತೆಯಲ್ಲಿ ಅದು ಪ್ರತಿ ಕಿಲೋಗ್ರಾಮಿಗೆ ಸುಮಾರು 36 ಮಿಲಿಲೀಟರ್ ಆಗುತ್ತದೆ. 70 ಕಿಲೋ ತೂಕದವರಿಗೆ ಎರಡೂವರೆ ಲೀಟರ್. ವಯಸ್ಕರ ಕರಂಡಕವೆಂದು ಮಾರುವುದು ಸಾಮಾನ್ಯವಾಗಿ 200 ಘನ ಅಂಗುಲದ್ದು, ಎಂದರೆ ಸುಮಾರು 3.3 ಲೀಟರಿನದು. ಬಹುಪಾಲು ಜನರಿಗೆ ಅದು ಸಾಲುತ್ತದೆ. ಭಸ್ಮದ ತೂಕ ವಯಸ್ಕರಲ್ಲಿ ಸಾಮಾನ್ಯವಾಗಿ ಎರಡರಿಂದ ಮೂರು ಕಿಲೋ ಇರುತ್ತದೆ. ಆದರೆ ಈ ರೂಢಿಯ ಲೆಕ್ಕ ದೇಹತೂಕವನ್ನು ಹಿಡಿದು ಹೊರಡುವುದರಿಂದ ಅನೇಕ ಬಾರಿ ದಾರಿ ತಪ್ಪಿಸುತ್ತದೆ. ಕೊಬ್ಬು, ಮಾಂಸ ಪೂರ್ತಿಯಾಗಿ ಉರಿದುಹೋಗುತ್ತವೆ. ಉಳಿಯುವುದು ಮೂಳೆ ಮಾತ್ರ. ಹಾಗಾಗಿ ಎತ್ತರದ, ಗಟ್ಟಿ ಮೂಳೆಯ ತೆಳ್ಳಗಿನ ವ್ಯಕ್ತಿಯ ಭಸ್ಮ ಕುಳ್ಳಗಿನ ದಪ್ಪ ವ್ಯಕ್ತಿಯದಕ್ಕಿಂತ ಹೆಚ್ಚಿರಬಹುದು. ಮೂಳೆ ಸವೆದ ವೃದ್ಧರಲ್ಲಿ ನಿರೀಕ್ಷೆಗಿಂತ ಕಡಿಮೆಯಿರಬಹುದು. ನಿಮ್ಮ ಕೈಯಲ್ಲಿ ಈಗಾಗಲೇ ಭಸ್ಮವಿರುವುದರಿಂದ ಲೆಕ್ಕದ ಗೊಡವೆಯೇ ಬೇಡ. ಪೆಟ್ಟಿಗೆಯೊಳಗೆ ಚೀಲ ಎಷ್ಟು ಉದ್ದ, ಅಗಲ, ಎತ್ತರದ ಜಾಗ ಹಿಡಿದಿದೆಯೆಂದು ಸೆಂಟಿಮೀಟರಿನಲ್ಲಿ ಅಳೆದು ಮೂರನ್ನೂ ಗುಣಿಸಿ, ಸಾವಿರದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಅದಕ್ಕೆ ಕಾಲುಭಾಗ ಸೇರಿಸಿಕೊಳ್ಳಿ. ಚೀಲದ ಮಡಿಕೆಗೂ ಕಟ್ಟಿಗೂ ಅಷ್ಟು ಜಾಗ ಬೇಕು.

ಎರಡು ಸಂದರ್ಭಗಳಲ್ಲಿ ಈ ಅಂದಾಜು ಕೆಲಸಕ್ಕೆ ಬಾರದು. ಬೆಂಕಿಯ ಬದಲಿಗೆ ಕ್ಷಾರದ ಬಿಸಿ ದ್ರಾವಣದಲ್ಲಿ ದೇಹವನ್ನು ಕರಗಿಸುವ ವಿಧಾನವೊಂದು ಕೆಲವು ದೇಶಗಳಲ್ಲಿ ಬಳಕೆಗೆ ಬಂದಿದೆ. ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಂತ್ಯಸಂಸ್ಕಾರ ನಡೆದದ್ದು ಈ ವಿಧಾನದಲ್ಲಿಯೇ. ಇದರಲ್ಲಿ ಉಳಿಯುವ ಮೂಳೆಪುಡಿ ಹೆಚ್ಚು ಬಿಳುಪಾಗಿರುತ್ತದೆ, ಪ್ರಮಾಣವೂ ಶೇಕಡಾ 20ರಿಂದ 30ರಷ್ಟು ಹೆಚ್ಚು. ಎರಡನೆಯದು ಜಪಾನ್. ಅಲ್ಲಿ ಮೂಳೆಗಳನ್ನು ಪುಡಿ ಮಾಡದೆ ತುಣುಕುಗಳಾಗಿಯೇ ಭರಣಿಯಲ್ಲಿಡುತ್ತಾರಾದ್ದರಿಂದ, ಅಲ್ಲಿಂದ ಹೊರಟವರು ಬೇರೆ ದೇಶದ ಅಂಗಡಿಯ ಕಿರಿದಾದ ಬಾಯಿಯ ಕರಂಡಕವನ್ನು ಕೊಂಡರೆ ತುಣುಕುಗಳು ಬಾಯಿಯೊಳಗೆ ಹಿಡಿಯುವುದೇ ಇಲ್ಲ. ಕೊಳ್ಳುವ ಮುನ್ನ ಒಳಗಿನ ಲೀಟರಿನಷ್ಟೇ ಬಾಯಿಯ ಅಗಲವನ್ನೂ ವಿಚಾರಿಸಿ ಎಂದು ಎಲ್ಲರಿಗೂ ಹೇಳುತ್ತೇನೆ. ಚೀಲದ ಸಮೇತ ಇಳಿಸುವವರಿಗೂ ಹತ್ತು ಸೆಂಟಿಮೀಟರಿಗಿಂತ ಕಿರಿದಾದ ಬಾಯಿ ತೊಡಕಿನದೇ. ತಳದ ಹಲಗೆಯನ್ನು ಸ್ಕ್ರೂ ಬಿಚ್ಚಿ ತೆಗೆಯುವಂತಿರುವ ಮರದ ಪೆಟ್ಟಿಗೆಗಳಲ್ಲಿ ಈ ಕಷ್ಟವಿಲ್ಲ.

ವಿಮಾನ ಪ್ರಯಾಣದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಜನರು ಕೊಂಡ ಪಾತ್ರೆ ವ್ಯರ್ಥವಾಗುವುದು ಹೆಚ್ಚಾಗಿ ಇಲ್ಲಿಯೇ. ಭದ್ರತಾ ತಪಾಸಣೆಯಲ್ಲಿ ಪಾತ್ರೆಯನ್ನು ಎಕ್ಸ್-ರೇ ಯಂತ್ರದ ಮೂಲಕ ಹಾಯಿಸಿ, ಒಳಗೆ ಏನಿದೆಯೆಂದು ಪರದೆಯ ಮೇಲೆ ನೋಡುತ್ತಾರೆ. ಮೂಳೆಪುಡಿಯಲ್ಲಿ ಕ್ಯಾಲ್ಸಿಯಂ ಇರುವುದರಿಂದ ಅದರ ನೆರಳೇ ದಟ್ಟವಾಗಿರುತ್ತದೆ. ಅದರ ಸುತ್ತ ಹಿತ್ತಾಳೆಯದೋ ಕಂಚಿನದೋ ಕಲ್ಲಿನದೋ ದಪ್ಪ ಗೋಡೆಯಿದ್ದರೆ ಪರದೆಯ ಮೇಲೆ ಕಪ್ಪು ಮುದ್ದೆಯೊಂದು ಬಿಟ್ಟು ಬೇರೇನೂ ಕಾಣುವುದಿಲ್ಲ. ಅಮೆರಿಕದ ಸಾರಿಗೆ ಭದ್ರತಾ ಆಡಳಿತದ ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಒಳಗಿರುವುದು ಏನೆಂದು ಚಿತ್ರದಿಂದ ತಿಳಿಯಲಾಗದಿದ್ದರೆ ಆ ಪಾತ್ರೆಯನ್ನು ಮುಂದಕ್ಕೆ ಬಿಡುವುದಿಲ್ಲ. ಮೃತರ ಗೌರವಾರ್ಥವಾಗಿ ಅಧಿಕಾರಿಗಳು ಪಾತ್ರೆಯನ್ನು ತೆರೆಯುವುದೂ ಇಲ್ಲ, ನೀವೇ ತೆರೆದು ನೋಡಿ ಎಂದು ಕೇಳಿಕೊಂಡರೂ ತೆರೆಯುವುದಿಲ್ಲ. ಪಾತ್ರೆ ಲೋಹದ್ದಾದರೆ ಆಗ ಮುಂದಿನ ದಾರಿಯೇ ಇರುವುದಿಲ್ಲ. ಮರ, ಪ್ಲಾಸ್ಟಿಕ್ಕಿನಂಥ ಹಗುರ ವಸ್ತುವಿನ ಪಾತ್ರೆಯನ್ನೇ ತನ್ನಿ ಎಂದು ಆ ಇಲಾಖೆ ಸಲಹೆ ಕೊಡುತ್ತದೆ. ಬಿದಿರು, ದಪ್ಪ ರಟ್ಟು, ಗಟ್ಟಿ ಬಟ್ಟೆ ಇವುಗಳಿಂದಲೂ ತೊಂದರೆಯಿಲ್ಲ. ತೆಳುವಾದ ಪಿಂಗಾಣಿ ಕೆಲವೊಮ್ಮೆ ಪಾಸಾಗುತ್ತದೆ, ಆದರೆ ಒಡೆಯುವ ಭಯವಿರುವುದರಿಂದ ನಾನು ಅದನ್ನು ಸೂಚಿಸುವುದಿಲ್ಲ.

ಗಾಜಿನ ಬಗ್ಗೆ ಪ್ರತ್ಯೇಕವಾಗಿ ಒಂದು ಎಚ್ಚರಿಕೆ ಅಗತ್ಯ. ಕಣ್ಣಿಗೆ ಪಾರದರ್ಶಕವಾಗಿ ಕಾಣುವುದು ಎಕ್ಸ್-ರೇಗೂ ಪಾರದರ್ಶಕವೆಂದು ಭಾವಿಸಬಾರದು. ಕ್ರಿಸ್ಟಲ್ ಗಾಜು ಎಂದು ಮಾರುವ ಹೊಳಪಿನ ಕರಂಡಕಗಳಲ್ಲಿ ಹಲವಕ್ಕೆ ಆ ಹೊಳಪು ಬರುವುದು ಸೀಸದ ಆಕ್ಸೈಡಿನಿಂದ. ಸೀಸವಾದರೋ ಎಕ್ಸ್-ರೇಯನ್ನು ತಡೆಯಲೆಂದೇ ಬಳಸುವ ಲೋಹ. ಇಂಥ ಪಾತ್ರೆ ನೋಡಲು ಎಷ್ಟೇ ಸುಂದರವಾಗಿದ್ದರೂ ಪ್ರಯಾಣಕ್ಕೆ ಅನರ್ಹ.

2018ರ ಜೂನ್ 30ರಿಂದ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿಯೂ ಆಸ್ಟ್ರೇಲಿಯಾದ ಅಂತಾರಾಷ್ಟ್ರೀಯ ವಿಮಾನಗಳಲ್ಲಿಯೂ 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿ ಪದಾರ್ಥಗಳನ್ನು ಕೈಲಗೇಜಿನಲ್ಲಿ ಒಯ್ಯಲು ನಿರ್ಬಂಧವಿದೆ. ಚಿತಾಭಸ್ಮಕ್ಕೆ ಇದರಿಂದ ವಿನಾಯಿತಿಯಿದೆ. ಆದರೆ ವಿನಾಯಿತಿ ಸಿಗಬೇಕಾದರೆ ಅದು ಚಿತಾಭಸ್ಮವೆಂದು ತೋರಿಸುವ ಪ್ರಮಾಣಪತ್ರ ಕೈಗೆಟಕುವಂತಿರಬೇಕು. ಭಸ್ಮವನ್ನು ಕೈಲಗೇಜಿನಲ್ಲಿ ಮಾತ್ರ ಒಯ್ಯಲು ಬಿಡುವ ವಿಮಾನ ಸಂಸ್ಥೆಗಳಿವೆ, ಚೆಕ್-ಇನ್ ಲಗೇಜಿನಲ್ಲಿ ಮಾತ್ರ ಬಿಡುವವೂ ಇವೆ, ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕೆನ್ನುವವೂ ಇವೆ. ನಡುವೆ ವಿಮಾನ ಬದಲಿಸುವುದಿದ್ದರೆ ಎರಡೂ ಸಂಸ್ಥೆಗಳಿಂದ ಲಿಖಿತ ಉತ್ತರ ತರಿಸಿಕೊಳ್ಳಿ. ಎರಡೂ ಒಪ್ಪುವುದಾದರೆ ಕೈಲಗೇಜೇ ಮೇಲು, ಏಕೆಂದರೆ ಲಗೇಜು ಕಳೆದುಹೋದರೆ ವಿಮಾನ ಸಂಸ್ಥೆ ಯಾವ ಪರಿಹಾರ ಕೊಟ್ಟರೂ ಈ ನಷ್ಟವನ್ನು ತುಂಬಲಾಗದು.

ಕೈಲಗೇಜೆಂದರೆ ತೂಕದ ಪ್ರಶ್ನೆ ಬರುತ್ತದೆ. ಒಂದೂವರೆ ಸೆಂಟಿಮೀಟರ್ ದಪ್ಪ ಗೋಡೆಯ, 3.3 ಲೀಟರ್ ಹಿಡಿಯುವ ಅಮೃತಶಿಲೆಯ ಪಾತ್ರೆ ಖಾಲಿಯಿದ್ದಾಗಲೇ ಸುಮಾರು ಆರು ಕಿಲೋ ತೂಗುತ್ತದೆ. ಭಸ್ಮ ಸೇರಿದರೆ ಎಂಟರಿಂದ ಒಂಬತ್ತು ಕಿಲೋ. ಅನೇಕ ವಿಮಾನ ಸಂಸ್ಥೆಗಳು ಕೈಲಗೇಜಿಗೆ ಒಟ್ಟು ಏಳರಿಂದ ಹತ್ತು ಕಿಲೋ ಮಾತ್ರ ಬಿಡುವುದರಿಂದ, ಅಮೃತಶಿಲೆಯನ್ನು ಆರಿಸಿದವರು ಬೇರೇನನ್ನೂ ಒಯ್ಯುವಂತಿಲ್ಲ. ಪ್ಲಾಸ್ಟಿಕ್ ಪೆಟ್ಟಿಗೆಯಾದರೆ ಭಸ್ಮದ ತೂಕಕ್ಕೆ ಕೆಲವೇ ನೂರು ಗ್ರಾಮ್ ಕೂಡುತ್ತದೆ.

ಇನ್ನೊಂದು ಸೂಕ್ಷ್ಮ ಸಂಗತಿಯಿದೆ. ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡ ನೆಲದ ಮೇಲಿನದಕ್ಕಿಂತ ಸುಮಾರು ಕಾಲುಭಾಗ ಕಡಿಮೆಯಿರುತ್ತದೆ. ಆದ್ದರಿಂದ ಚೀಲದಲ್ಲಿ ಸಿಕ್ಕಿಕೊಂಡ ಗಾಳಿ ಹಿಗ್ಗಿ ಮುಚ್ಚಳವನ್ನು ಒತ್ತುತ್ತದೆ. ಯಾವುದೋ ಕಾರಣಕ್ಕೆ ನೀವು ಚೀಲವನ್ನು ಬಿಚ್ಚಿ ಮತ್ತೆ ಕಟ್ಟಬೇಕಾಗಿ ಬಂದರೆ ಒಳಗಿನ ಗಾಳಿಯನ್ನು ಮೆಲ್ಲಗೆ ಒತ್ತಿ ಹೊರಡಿಸಿ ಕಟ್ಟಿ. ಮುಚ್ಚಳವನ್ನು ಅಂಟು ಹಾಕಿ ಶಾಶ್ವತವಾಗಿ ಬಂದ್ ಮಾಡುವುದು ಪ್ರಯಾಣದ ಪಾತ್ರೆಗೆ ಸಲ್ಲದು. ಸುತ್ತ ಅಗಲವಾದ ಟೇಪು ಹಚ್ಚಿದರೆ ಸಾಕು.

ಕಾನೂನಿನ ವಿಷಯದಲ್ಲಿ ದೇಶದಿಂದ ದೇಶಕ್ಕೆ ಇರುವ ವ್ಯತ್ಯಾಸ ಅಚ್ಚರಿ ಹುಟ್ಟಿಸುವಷ್ಟಿದೆ. ಮೃತದೇಹಗಳ ಸಾಗಣೆಗೆ ಯುರೋಪಿನ ದೇಶಗಳು 1973ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಒಪ್ಪಂದ ಮಾಡಿಕೊಂಡವಾದರೂ ಚಿತಾಭಸ್ಮವನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟವು. ಹಾಗಾಗಿ ಪ್ರತಿಯೊಂದು ದೇಶವೂ ತನ್ನದೇ ನಿಯಮ ನಡೆಸುತ್ತದೆ. ಫ್ರಾನ್ಸಿನಲ್ಲಿ 2008ರ ಡಿಸೆಂಬರಿನ ಕಾನೂನು ಬಂದ ಮೇಲೆ ಭಸ್ಮವನ್ನು ಮನೆಯಲ್ಲಿ ಕಾಯಂ ಆಗಿ ಇಟ್ಟುಕೊಳ್ಳುವಂತಿಲ್ಲ, ಭಾಗ ಮಾಡುವಂತೆಯೂ ಇಲ್ಲ. ದೇಶದಿಂದ ಹೊರಗೆ ಒಯ್ಯಲು ಆಡಳಿತದ ಅನುಮತಿ ಬೇಕು. ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ಭಸ್ಮ ಸ್ಮಶಾನವನ್ನೇ ಸೇರಬೇಕೆಂಬ ನಿಯಮ ಬಹುಕಾಲದಿಂದ ನಡೆದುಬಂದಿದೆ. ಬ್ರೆಮೆನ್ ರಾಜ್ಯ 2015ರಲ್ಲಿ ಷರತ್ತುಗಳೊಂದಿಗೆ ಅದನ್ನು ಸಡಿಲಿಸಿತು. ಜರ್ಮನಿಯಲ್ಲಿ ಚಿತಾಗಾರವೇ ಭಸ್ಮವನ್ನು ಮುದ್ರೆಯೊತ್ತಿದ ಡಬ್ಬಿಯಲ್ಲಿ ತುಂಬಿ, ಮುಚ್ಚಳದ ಮೇಲೆ ಹೆಸರು ಮತ್ತು ದಿನಾಂಕಗಳನ್ನು ಕೊರೆದಿರುತ್ತದೆ. ಕುಟುಂಬದವರು ಕೊಳ್ಳುವ ಅಲಂಕಾರದ ಕರಂಡಕ ಆ ಡಬ್ಬಿಯ ಮೇಲಿನ ಹೊದಿಕೆ ಮಾತ್ರ. ಅಂಥ ಕಡೆ ಕರಂಡಕ ಕೊಳ್ಳುವಾಗ ಭಸ್ಮದ ಲೀಟರ್ ಲೆಕ್ಕ ಅಪ್ರಸ್ತುತ, ಡಬ್ಬಿಯ ವ್ಯಾಸ ಮತ್ತು ಎತ್ತರವೇ ಮುಖ್ಯ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಭಸ್ಮಕ್ಕೆ ಅಡ್ಡಿಯಿಲ್ಲ, ಆದರೆ ಪಾತ್ರೆ ಮರದ್ದಾಗಿದ್ದರೆ ಕಸ್ಟಮ್ಸಿನಲ್ಲಿ ಘೋಷಿಸಬೇಕು. ಮರದಲ್ಲಿ ಕೀಟವೋ ತೊಗಟೆಯೋ ಇದೆಯೇ ಎಂದು ಪರೀಕ್ಷಿಸುತ್ತಾರೆ. ಆ ಎರಡು ದೇಶಗಳಿಗೆ ಹೋಗುವವರಿಗೆ ಮಾತ್ರ ನಾನು ಮರಕ್ಕಿಂತ ಪ್ಲಾಸ್ಟಿಕ್ಕನ್ನು ಸೂಚಿಸುತ್ತೇನೆ.

ನೀವು ಹೋಗದೆ ಪಾತ್ರೆಯನ್ನಷ್ಟೇ ಕಳಿಸುವ ಯೋಚನೆಯಿದ್ದರೆ ಅದನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳಿ. ಪ್ರಮುಖ ಖಾಸಗಿ ಕೊರಿಯರ್ ಸಂಸ್ಥೆಗಳು ಚಿತಾಭಸ್ಮವನ್ನು ಸ್ವೀಕರಿಸುವುದಿಲ್ಲ. ಅಮೆರಿಕದಲ್ಲಿ ಅಂಚೆ ಇಲಾಖೆಯ ಎಕ್ಸ್‌ಪ್ರೆಸ್ ಸೇವೆಯ ಮೂಲಕ ಕಳಿಸಲು ಅವಕಾಶವಿದ್ದು, 2025ರ ಮಾರ್ಚ್ 1ರಿಂದ ಇಲಾಖೆಯೇ ಒದಗಿಸುವ ವಿಶೇಷ ಪೆಟ್ಟಿಗೆಯನ್ನು ಬಳಸುವುದು ಕಡ್ಡಾಯವಾಗಿದೆ. ಒಳಗಿನ ಪಾತ್ರೆ ಪುಡಿ ಸೋರದಂತಿರಬೇಕು, ಆ ಪೆಟ್ಟಿಗೆಯೊಳಗೆ ಸುತ್ತಲೂ ಮೆತ್ತೆ ಹಾಕುವಷ್ಟು ಜಾಗ ಬಿಟ್ಟು ಹಿಡಿಯಬೇಕು, ಜೊತೆಗೆ ತಲುಪುವ ದೇಶದ ಅಂಚೆ ಇಲಾಖೆಯೂ ಒಪ್ಪಿರಬೇಕು.

ಇನ್ನು ಒಂದು ವರ್ಷದ ಕಾಯುವಿಕೆ. ಇಲ್ಲಿ ನೋಡಬೇಕಾದ ಮುಖ್ಯ ವಿಷಯ ತೇವ. ಭಸ್ಮ ತೇವವನ್ನು ಹೀರಿಕೊಂಡರೆ ಗಂಟು ಕಟ್ಟುತ್ತದೆ. ಕೆಡುವುದಿಲ್ಲ, ಆದರೆ ಮುಂದೆ ಚೆಲ್ಲುವಾಗಲೋ ಭಾಗ ಮಾಡುವಾಗಲೋ ಕಷ್ಟವಾಗುತ್ತದೆ. ಸ್ನಾನದ ಮನೆಗೆ ತಾಗಿದ ಗೋಡೆ, ನೆಲಮಾಳಿಗೆ, ಬಾಡಿಗೆಯ ಗೋದಾಮು ಇವುಗಳನ್ನು ಬಿಟ್ಟು ಮಲಗುವ ಕೋಣೆಯ ಕಪಾಟಿನ ನಡುವಿನ ಖಾನೆಯಂಥ ಜಾಗವನ್ನು ಆರಿಸಿ. ಚಳಿಯ ದೇಶಗಳಲ್ಲಿ ಹೀಟರ್ ಹಾಕಿದ ಮನೆಯೊಳಗಿನ ಗಾಳಿ ಅತಿಯಾಗಿ ಒಣಗುವುದರಿಂದ, ತೇವದ ಹವೆಯಲ್ಲಿ ತಯಾರಾಗಿ ಬಂದ ಮರದ ಪೆಟ್ಟಿಗೆ ಕುಗ್ಗಿ ಸಂದು ಬಿಡಬಹುದು. ಒಳಗೆ ಚೀಲವಿದ್ದರೆ ಅದೊಂದು ಸಮಸ್ಯೆಯಲ್ಲ. ಹಿತ್ತಾಳೆಯ ಕರಂಡಕಗಳಿಗೆ ಮೇಲೆ ತೆಳುವಾದ ಲ್ಯಾಕರ್ ಲೇಪ ಇರುತ್ತದೆ. ಹೊಳಪು ಬರಲೆಂದು ಹುಳಿಯಿಂದ ಉಜ್ಜಿದರೆ ಲೇಪ ಹೋಗಿ ಕಿಲುಬು ಹಿಡಿಯುತ್ತದೆ, ಒಣಬಟ್ಟೆಯಿಂದ ಒರೆಸಿದರೆ ಸಾಕು.

ನೀರಿನಲ್ಲಿ ಅಥವಾ ಮಣ್ಣಿನಲ್ಲಿ ಕರಗುವ ಪಾತ್ರೆಗಳ ಬಗ್ಗೆ ಕೇಳಿದ್ದೀರಿ. ಅಚ್ಚು ಹಾಕಿದ ಕಾಗದ, ಉಪ್ಪಿನಕಲ್ಲು, ಜೆಲಟಿನ್ ಬೆರೆಸಿದ ಮರಳು, ಜೋಳದ ಪಿಷ್ಟ ಇವುಗಳಿಂದ ಮಾಡಿದ ಈ ಪಾತ್ರೆಗಳು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ಕಾಗದದ್ದು ನಿಮಿಷಗಳಷ್ಟು ಕಾಲ ತೇಲಿ ಮುಳುಗುತ್ತದೆ, ಉಪ್ಪಿನದು ಕೆಲವು ಗಂಟೆಗಳಲ್ಲಿ ಕರಗುತ್ತದೆ. ಆದರೆ ಕರಗಲೆಂದೇ ಮಾಡಿದ ವಸ್ತುವನ್ನು ವರ್ಷಗಟ್ಟಲೆ ಮನೆಯಲ್ಲಿಟ್ಟುಕೊಳ್ಳುವುದು ಜಾಣತನವಲ್ಲ. ಗಾಳಿಯ ತೇವಕ್ಕೇ ಉಪ್ಪು ನೀರೊಡೆಯುತ್ತದೆ. ವಿಸರ್ಜನೆಯ ದಿನ ನಿಶ್ಚಯವಾದ ಮೇಲೆ ಅದನ್ನು ಕೊಂಡು, ಆ ದಿನವೇ ಭಸ್ಮವನ್ನು ಅದಕ್ಕೆ ವರ್ಗಾಯಿಸಿ. ಆಗ ಮಾತ್ರ ಪಾಲಿಥೀನ್ ಚೀಲವನ್ನೂ ಲೋಹದ ಬಿಲ್ಲೆಯನ್ನೂ ಹೊರಗೆ ತೆಗೆದಿಡಬೇಕು. ಸಮುದ್ರದಲ್ಲಿ ಬಿಡುವುದಾದರೆ ಆ ದೇಶದ ನಿಯಮವನ್ನು ಮೊದಲು ನೋಡಿ. ಅಮೆರಿಕದಲ್ಲಿ ದಡದಿಂದ ಕನಿಷ್ಠ ಮೂರು ನಾಟಿಕಲ್ ಮೈಲಿ, ಎಂದರೆ ಸುಮಾರು ಐದೂವರೆ ಕಿಲೋಮೀಟರ್, ಸಮುದ್ರದೊಳಗೆ ಹೋಗಿ ಬಿಡಬೇಕು. ಆಮೇಲೆ 30 ದಿನಗಳೊಳಗೆ ಪರಿಸರ ಸಂರಕ್ಷಣಾ ಸಂಸ್ಥೆಗೆ ತಿಳಿಸಬೇಕು. ಪ್ಲಾಸ್ಟಿಕ್ಕಿನ ಯಾವ ವಸ್ತುವನ್ನೂ ಜೊತೆಗೆ ಎಸೆಯುವಂತಿಲ್ಲ. ಸಸಿಯ ಬೇರಿಗೆ ಭಸ್ಮ ಹಾಕಿ ಮರ ಬೆಳೆಸುವ ಪಾತ್ರೆಗಳ ಜಾಹೀರಾತನ್ನು ಮಾತ್ರ ಅನುಮಾನದಿಂದಲೇ ಓದಿ. ಭಸ್ಮವು ಬಲವಾದ ಕ್ಷಾರ, ಪಿಎಚ್ ಮಟ್ಟ 11ರ ಆಸುಪಾಸಿನಲ್ಲಿರುತ್ತದೆ, ಸೋಡಿಯಂ ಅಂಶವೂ ಹೆಚ್ಚು. ಹೆಚ್ಚಿನ ಪ್ರಮಾಣದ ಮಣ್ಣು ಮತ್ತು ಗೊಬ್ಬರದೊಂದಿಗೆ ಬೆರೆಸದೆ ಹಾಕಿದರೆ ಎಳೆಯ ಸಸಿ ಬಾಡುತ್ತದೆ.

ತಂಗಿಯವರ ಕೋರಿಕೆಯ ವಿಷಯದಲ್ಲಿ, ನೀವಿರುವ ದೇಶದ ಕಾನೂನು ಭಾಗ ಮಾಡಲು ಬಿಡುತ್ತದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಬಿಡುವುದಾದರೆ, ಆ ಕೆಲಸವನ್ನು ಮನೆಯಲ್ಲಿ ಮಾಡದೆ ಚಿತಾಗಾರದವರಿಂದಲೇ ಮಾಡಿಸಿ. ಅವರಲ್ಲಿ ಅದಕ್ಕೆ ತಕ್ಕ ಸಾಧನಗಳಿರುತ್ತವೆ. ಅಷ್ಟೇ ಮುಖ್ಯವಾಗಿ, ಇದು ಇಂಥವರ ಭಸ್ಮದ ಒಂದು ಭಾಗ ಎಂದು ಅವರು ಪ್ರತ್ಯೇಕವಾಗಿ ಬರೆದುಕೊಡಬಲ್ಲರು. ಮೂಲ ಬಿಲ್ಲೆ ಒಂದೇ ಇರುವುದರಿಂದ ಅದು ದೊಡ್ಡ ಭಾಗದ ಜೊತೆಯಲ್ಲಿ ಉಳಿಯುತ್ತದೆ, ಚಿಕ್ಕ ಭಾಗಕ್ಕೆ ಆ ಪತ್ರವೇ ಗುರುತಾಗುತ್ತದೆ. ಪತ್ರವಿಲ್ಲದೆ ಸಣ್ಣ ಡಬ್ಬಿಯಲ್ಲಿ ಬೂದುಬಣ್ಣದ ಪುಡಿಯನ್ನು ಹಿಡಿದು ಗಡಿ ದಾಟುವುದು ಎಂಥ ಪ್ರಶ್ನೆಗಳಿಗೆ ಎಡೆಮಾಡುತ್ತದೆಂದು ವಿವರಿಸಬೇಕಿಲ್ಲ. ಕಾಲು ಲೀಟರ್ ಹಿಡಿಯುವ ಮರದ ಪುಟ್ಟ ಪೆಟ್ಟಿಗೆ ಇದಕ್ಕೆ ಧಾರಾಳವಾಯಿತು. ಪದಕದಂತೆ ಕೊರಳಲ್ಲಿ ಧರಿಸುವ ಲೋಹದ ಪುಟ್ಟ ಕೋಶಗಳೂ ಸಿಗುತ್ತವೆ. ಅವುಗಳಲ್ಲಿ ಹಿಡಿಯುವುದು ಚಿಟಿಕೆಯಷ್ಟು ಮಾತ್ರ. ಎಲ್ಲಕ್ಕಿಂತ ಮುಂಚೆ, ಭಾಗ ಮಾಡುವುದಕ್ಕೆ ಮನೆಯಲ್ಲಿ ಎಲ್ಲರ ಸಮ್ಮತಿ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಮಾಡಿದ ಮೇಲೆ ಒಬ್ಬರ ಮನಸ್ಸು ನೊಂದರೆ ಅದನ್ನು ಸರಿಪಡಿಸುವುದು ಕಷ್ಟ.

ಕೊಳ್ಳುವ ಸಮಯ ಬಂದಾಗ ಚಿತಾಗಾರದ ಕ್ಯಾಟಲಾಗಿಗೆ ಕಟ್ಟುಬೀಳಬೇಡಿ. ಅಮೆರಿಕದಲ್ಲಂತೂ 1984ರಿಂದ ಜಾರಿಯಲ್ಲಿರುವ ಅಂತ್ಯಕ್ರಿಯೆ ನಿಯಮದ ಪ್ರಕಾರ, ಹೊರಗಿನಿಂದ ಕೊಂಡು ತಂದ ಕರಂಡಕವನ್ನು ಸೇವಾ ಸಂಸ್ಥೆ ನಿರಾಕರಿಸುವಂತಿಲ್ಲ, ಅದಕ್ಕೆಂದು ಹೆಚ್ಚುವರಿ ಶುಲ್ಕ ವಿಧಿಸುವಂತೆಯೂ ಇಲ್ಲ. ಬೇರೆ ದೇಶಗಳಲ್ಲಿಯೂ ಕೇಳಿ ನೋಡುವುದರಲ್ಲಿ ತಪ್ಪಿಲ್ಲ. ಆನ್‌ಲೈನಿನಲ್ಲಿ ಕೊಳ್ಳುವಾಗ ಚಿತ್ರವನ್ನು ನಂಬದೆ ಒಳಗಿನ ಲೀಟರ್, ಬಾಯಿಯ ಅಗಲ, ಖಾಲಿ ತೂಕ, ಮುಚ್ಚುವ ಬಗೆ ಈ ನಾಲ್ಕನ್ನು ಬರೆದು ಕೇಳಿ. ಗೂಡಿನಲ್ಲಿ ಇಡುವುದಾದರೆ ಹೊರಗಿನ ಅಳತೆಯೂ ಬೇಕು, ಏಕೆಂದರೆ ಒಂದೊಂದು ಕಡೆ ಗೂಡಿನ ಗಾತ್ರ ಒಂದೊಂದು ತರಹ, ಒಳಗೆ ಹಿಡಿಯದ ಕರಂಡಕವನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದು ಕಡಿಮೆ. ನನ್ನ ಆಯ್ಕೆಯನ್ನೇ ಕೇಳುವಿರಾದರೆ, ತಳದಲ್ಲಿ ಸ್ಕ್ರೂ ಇರುವ, ಬಿದಿರಿನದೋ ಹಗುರ ಮರದ್ದೋ ಆದ, ಕೆತ್ತನೆಯಿಲ್ಲದ ಆಯತಾಕಾರದ ಪೆಟ್ಟಿಗೆ. ಅದು ಪ್ರಯಾಣದ ಚೀಲದಲ್ಲಿ ಉರುಳುವುದಿಲ್ಲ, ಎಕ್ಸ್-ರೇ ತಪಾಸಣೆಯಲ್ಲಿ ಸಿಕ್ಕಿಬೀಳುವುದಿಲ್ಲ, ಮನೆಯ ಕಪಾಟಿನಲ್ಲಿ ಕಣ್ಣಿಗೆ ಹೊಡೆಯುವುದೂ ಇಲ್ಲ.

ಕೊನೆಯದಾಗಿ ಕಾಗದಪತ್ರಗಳು. ಮರಣ ಪ್ರಮಾಣಪತ್ರ, ದಹನದ ಪ್ರಮಾಣಪತ್ರ, ಪೆಟ್ಟಿಗೆಯಲ್ಲಿ ಭಸ್ಮವಲ್ಲದೆ ಬೇರೇನೂ ಇಲ್ಲವೆಂದು ಚಿತಾಗಾರದವರು ಬರೆದುಕೊಡುವ ಪತ್ರ ಈ ಮೂರನ್ನೂ ಈಗಲೇ ಪಡೆದಿಟ್ಟುಕೊಳ್ಳಿ. ನೀವು ಊರು ಬದಲಿಸಿದ ಮೇಲೆ ಅವುಗಳಿಗಾಗಿ ಅಲೆಯುವುದು ಬೇಸರದ ಕೆಲಸ. ಮೂರರಲ್ಲೂ ತಂದೆಯವರ ಹೆಸರು ಅವರ ಪಾಸ್‌ಪೋರ್ಟಿನಲ್ಲಿರುವ ಕಾಗುಣಿತದಲ್ಲೇ ಇದೆಯೇ ಎಂದು ಒಂದೊಂದು ಅಕ್ಷರವನ್ನೂ ತಾಳೆ ನೋಡಿ. ತಾಯ್ನಾಡಿನ ರಾಯಭಾರ ಕಚೇರಿಗೆ ಮರಣವನ್ನು ವರದಿ ಮಾಡಿ, ಭಸ್ಮ ಒಯ್ಯಲು ನಿರಾಕ್ಷೇಪಣಾ ಪತ್ರ ಬೇಕೇ, ಪ್ರಮಾಣಪತ್ರಗಳಿಗೆ ಅಪೊಸ್ಟಿಲ್ ಮುದ್ರೆ (ದಾಖಲೆ ಬೇರೆ ದೇಶದಲ್ಲಿಯೂ ಮಾನ್ಯವಾಗಲೆಂದು ಸರ್ಕಾರ ಹಾಕುವ ದೃಢೀಕರಣ) ಬೇಕೇ ಎಂದು ವಿಚಾರಿಸಿ. ಪ್ರತಿಗಳಲ್ಲಿ ಒಂದನ್ನು ಪೆಟ್ಟಿಗೆಯ ಒಳಗೆ ಚೀಲದ ಮೇಲೆ ಇಡಿ, ಇನ್ನೊಂದನ್ನು ಪಾರದರ್ಶಕ ಹಾಳೆಯಲ್ಲಿ ಹಾಕಿ ಹೊರಗೆ ಅಂಟಿಸಿ. ನಡುವೆ ನಿಮಗೇ ಬೇರೆ ದೇಶಕ್ಕೆ ವರ್ಗವಾಗಬಹುದು ಅಥವಾ ಕಾಯಿಲೆ ಬೀಳಬಹುದು. ಆಗ ಭಸ್ಮವನ್ನು ಯಾರು ಒಯ್ಯಬೇಕೆಂಬುದನ್ನು ಬರೆದು, ಸಹಿ ಹಾಕಿ, ಆ ವ್ಯಕ್ತಿಯ ದೂರವಾಣಿ ಸಂಖ್ಯೆಯೊಂದಿಗೆ ಅದೇ ಕಡತದಲ್ಲಿ ಸೇರಿಸಿಡಿ.